ಶಾಲಿಲ್ಲದ ಅಭ್ಯರ್ಥಿ

ಸನ್ಮಾನದ ಭಾಷಣವನ್ನು ಯಾರೂ ನಿಜವೆಂದು ತಿಳಿಯಬಾರದು ಎಂಬುದು ನಮ್ಮವರಲ್ಲಿ ತೊಟ್ಟಿಲ ಮಗುವಿಗೂ ಗೊತ್ತು. ವೇದಿಕೆಯ ಮೇಲೆ ಒಬ್ಬರಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿಟ್ಟು, ‘ಇವರು ಈ ಶತಮಾನದ ಮಹಾನ್ ಚೇತನ’ ಎಂದರೆ ಹೊದಿಸಿದವರೂ ನಂಬುವುದಿಲ್ಲ, ಹೊದಿಸಿಕೊಂಡವರೂ ನಂಬುವುದಿಲ್ಲ. ಎದುರಿಗೆ ಕುಳಿತವರು ಊಟಕ್ಕೆ ಇನ್ನೆಷ್ಟು ಹೊತ್ತು ಎಂದು ಲೆಕ್ಕ ಹಾಕುತ್ತಿರುತ್ತಾರೆ. ಯಾರಿಗೂ ತೊಂದರೆಯಿಲ್ಲದ ವ್ಯವಸ್ಥೆ ಇದು. ಆದರೆ ಇದನ್ನು ನ್ಯೂಜಿಲೆಂಡಿನವರಿಗೆ ಯಾರೂ ಮೊದಲೇ ತಿಳಿಸಿ ಹೇಳಿರಲಿಲ್ಲ. ಆದ್ದರಿಂದಲೇ ೨೦೧೭ರಲ್ಲಿ ನನ್ನ ಗೆಳೆಯ ಚನ್ನವೀರ ಆಕ್ಲೆಂಡಿನ ದಕ್ಷಿಣದ ಪಾಪಕುರಾದಲ್ಲಿ ಕುಳಿತುಕೊಂಡೇ ಒಂದು ರಾಜಕೀಯ ಪಕ್ಷದ ಬುಡ ಅಲ್ಲಾಡಿಸಿಬಿಟ್ಟ.

ಚನ್ನವೀರ ಗದಗಿನ ಕಡೆಯವನು. ನೀರಿನ ಕೊಳವೆಗಳ ಇಂಜಿನಿಯರು. ಎಲ್ಲಿ ಸೋರುತ್ತಿದೆ ಎಂದು ಹುಡುಕುವುದು ಅವನ ಉದ್ಯೋಗ. ಒಳ್ಳೆಯ ಮನುಷ್ಯ, ಆದರೆ ಒಂದು ದೌರ್ಬಲ್ಯ: ಎದುರಿಗೆ ನಿಂತವರಿಗೆ ‘ಇಲ್ಲ’ ಎಂದು ಹೇಳಲು ಅವನಿಗೆ ಬರುವುದಿಲ್ಲ. ಪಕ್ಷದ ಸದಸ್ಯನಾದದ್ದೂ ಹಾಗೆಯೇ. ಪಕ್ಕದ ಮನೆಯ ನೈರಿ ಒಂದು ದಿನ ಬೇಲಿಯ ಮೇಲಿಂದ, “ಚನ್ನಾ, ನಮ್ಮ ಪಕ್ಷಕ್ಕೆ ಸೇರುತ್ತೀಯಾ?” ಎಂದು ಕೇಳಿದಳು. ಯಾವ ಪಕ್ಷ ಎಂದು ಕೇಳುವ ಮೊದಲೇ ಇವನು ರುಜು ಹಾಕಿದ್ದ. ಆಮೇಲೆ ಎರಡು ವರ್ಷ ಪಕ್ಷವೂ ಇವನನ್ನು ನೆನೆಸಲಿಲ್ಲ, ಇವನೂ ಪಕ್ಷವನ್ನು ನೆನೆಸಲಿಲ್ಲ.

ಇಲ್ಲಿ ನೈರಿಯ ವಿಷಯ ಹೇಳಿಬಿಡಬೇಕು. ಈ ದೇಶದವಳೇ, ಐವತ್ತೈದು ದಾಟಿದ ಹೆಂಗಸು. ಪಕ್ಕದ ಊರು ಪುಕೆಕೊಹೆಯಲ್ಲಿ ಈರುಳ್ಳಿ ಪ್ಯಾಕ್ ಮಾಡುವ ಕಾರ್ಖಾನೆಯಲ್ಲಿ ಕಾರ್ಮಿಕ ಸಂಘದ ಮುಖ್ಯಸ್ಥೆ. ಯಂತ್ರಗಳ ಸದ್ದಿನ ನಡುವೆ ಮಾತಾಡಿ ಮಾತಾಡಿ ಗಂಟಲು ಹೇಗಾಗಿತ್ತೆಂದರೆ, ಅವಳು ತನ್ನ ಅಡುಗೆಮನೆಯಲ್ಲಿ ಫೋನ್ ಹಿಡಿದರೆ ಆ ಬೀದಿಗೆಲ್ಲ ಸಮಾಚಾರ ತಿಳಿಯುತ್ತಿತ್ತು. ಚನ್ನವೀರನ ಹೆಂಡತಿ ದ್ರಾಕ್ಷಾಯಣಿಗೆ ಅವಳು ಅಕ್ಕ. ಬರೀ ಬಾಯಿಮಾತಿನ ಅಕ್ಕನಲ್ಲ. ಇವರು ಈ ದೇಶಕ್ಕೆ ಬಂದ ಮೊದಲ ಚಳಿಗಾಲದಿಂದಲೂ ಆ ಮನೆಯಲ್ಲಿ ಏನೇ ಆದರೂ ಮೊದಲು ಓಡಿ ಬಂದವಳು ನೈರಿಯೇ.

ಆ ವರ್ಷ ಸಾರ್ವತ್ರಿಕ ಚುನಾವಣೆ. ನಮ್ಮ ಕ್ಷೇತ್ರಕ್ಕೆ ಪಕ್ಷದ ಅಭ್ಯರ್ಥಿ ಯಾರು ಎಂದು ಇಲ್ಲಿ ಹೈಕಮಾಂಡಿನಿಂದ ಸೂಟ್‌ಕೇಸಿನಲ್ಲಿ ಹೆಸರು ಬರುವುದಿಲ್ಲ. ಆಕಾಂಕ್ಷಿಗಳು ಊರಿನ ಸದಸ್ಯರ ಮನೆಮನೆಗೆ ಹೋಗಿ ಕೈಕುಲುಕಬೇಕು, ಕೊನೆಗೆ ಸದಸ್ಯರೆಲ್ಲ ಒಂದು ಹಾಲ್‌ನಲ್ಲಿ ಸೇರಿ ಮತ ಹಾಕಬೇಕು. ಹೀಗಾಗಿ ಎರಡು ವರ್ಷದಿಂದ ಧೂಳು ಹಿಡಿದಿದ್ದ ಚನ್ನವೀರನ ಮತಕ್ಕೆ ಒಮ್ಮೆಲೇ ಬೆಲೆ ಬಂತು.

ಮೊದಲು ಬಂದವಳು ಫಿಲಿಪಾ. ಆಕ್ಲೆಂಡ್ ನಗರದ ವಕೀಲೆ. ನಮ್ಮ ಕನ್ನಡ ಕೂಟದ ಸಂಕ್ರಾಂತಿಯ ದಿನ, ಸುಮ್ಮನೆ ನಾಲ್ಕು ಜನರ ಪರಿಚಯವಾಗಲಿ ಎಂದು ಹಾಲ್‌ನ ಹಿಂದೆ ಬಂದು ನಿಂತಿದ್ದಳು. ಅವತ್ತೇ ನಮ್ಮ ಮುಖ್ಯ ಅತಿಥಿ, ಹೃದಯದ ಡಾಕ್ಟರರೊಬ್ಬರು, ಬರಲಾಗುವುದಿಲ್ಲ ಎಂದು ಕೈಯೆತ್ತಿದ್ದರು. ವೇದಿಕೆಯ ಮೇಲೆ ಖಾಲಿ ಕುರ್ಚಿ, ತಟ್ಟೆಯಲ್ಲಿ ಶಾಲು, ಹಾರ, ಎಳ್ಳುಬೆಲ್ಲ. ಚನ್ನವೀರ ಸಾಂಸ್ಕೃತಿಕ ಕಾರ್ಯದರ್ಶಿ. ಸಿದ್ಧವಾದ ತಟ್ಟೆ ಯಾರಿಗೂ ಸಲ್ಲದೆ ಒಳಗೆ ಹೋಗುವುದೆಂದರೆ ಅವನಿಗೆ ಎಲೆ ಹಾಕಿ ಊಟವಿಲ್ಲ ಅಂದಷ್ಟೇ ಅವಮಾನ. ಅವನ ಕಣ್ಣು ಹಾಲ್ ಸುತ್ತಿ ಫಿಲಿಪಾಳ ಮೇಲೆ ನಿಂತಿತು. ಅವಳು ಏನು ಎತ್ತ ಎನ್ನುವುದರೊಳಗೆ ಅವಳ ಹೆಗಲ ಮೇಲೆ ಶಾಲು, ಕೊರಳಿಗೆ ಹಾರ. ಚನ್ನವೀರ ಮೈಕ್ ಹಿಡಿದ. ಮಾತಾಡಿದ್ದು ಇಂಗ್ಲಿಷಿನಲ್ಲಿ. ಆದರೆ ಅವನು ಯಾವ ಭಾಷೆ ಆಡಿದರೂ ಅದು ಗದಗಿನ ಕನ್ನಡವೇ ಆಗಿರುವುದರಿಂದ ನಾನು ಇಲ್ಲಿ ಹಾಗೆಯೇ ಬರೆಯುತ್ತೇನೆ.

“ಇವರು ಯಾರು ಅಂತ ತಿಳಿದೀರಿ? ಬಡವರ ಬಂಧು! ಕನ್ನಡಿಗರ ಕಣ್ಮಣಿ! ಈ ದೇಶದ ಭಾವಿ ಪ್ರಧಾನಮಂತ್ರಿ! ದಕ್ಷಿಣ ಆಕ್ಲೆಂಡಿನ ಸಮಸ್ತ ಕನ್ನಡಿಗರು ಇವರ ಬೆನ್ನಿಗೆ ಅದಾರ!”

ಸಮಸ್ತ ಕನ್ನಡಿಗರು ಊಟದ ಸಾಲಿನ ಕಡೆ ನೋಡುತ್ತ ಚಪ್ಪಾಳೆ ತಟ್ಟಿದರು. ಫಿಲಿಪಾಳ ಕಣ್ಣಲ್ಲಿ ನೀರು. ಅವಳ ಜೊತೆ ಬಂದವನೊಬ್ಬ ಫೋಟೋ ತೆಗೆದ. ಮುಂದಿನ ವಾರ ಊರಿನ ಪತ್ರಿಕೆಯಲ್ಲಿ ಅದು ಅಚ್ಚಾಯಿತು: ‘ಫಿಲಿಪಾಗೆ ಕನ್ನಡ ಸಮುದಾಯದ ಬೆಂಬಲ’.

ಕೂಟದ ಅಧ್ಯಕ್ಷ ವೆಂಕಟರಮಣ ಬೆಂಗಳೂರಿನವರು, ನಿಯಮದ ಮನುಷ್ಯ. ಪತ್ರಿಕೆ ಹಿಡಿದುಕೊಂಡೇ ಬಂದರು. “ಏನ್ರೀ ಚನ್ನವೀರ್ ಇದು? ನಮ್ಮ ಕೂಟ ರಾಜಕೀಯಕ್ಕೆ ಕೈ ಹಾಕಲ್ಲ ಅಂತ ಬೈಲಾದಲ್ಲೇ ಇದೆಯಲ್ರೀ! ನನ್ನ ಬೆಂಬಲ ಯಾರಿಗೆ ಅಂತ ನನ್ನ ಹೆಂಡ್ತಿಗೇ ಗೊತ್ತಿಲ್ಲ, ಪೇಪರ್ನೋರಿಗೆ ಹೆಂಗೆ ಗೊತ್ತಾಯ್ತು?”

“ಹೆದರಬ್ಯಾಡ್ರೀ ಸರ. ನಾ ಹಾರೈಸಿದೆ ಅಷ್ಟ. ಅದನ್ನ ಯಾರು ನಂಬತಾರ?”

“ಅವ್ರು ನಂಬ್ತಾರೆ ಕಣ್ರೀ! ಇಲ್ಲಿನವ್ರು ಹೇಳಿದ್ದನ್ನೆಲ್ಲ ನಂಬ್ತಾರೆ!”

ಚನ್ನವೀರ ನಗುತ್ತಿದ್ದ. ಫೋಟೋದಲ್ಲಿ ಅವನೂ ಅರ್ಧ ಬಂದಿದ್ದ ಎಂಬ ಕಾರಣಕ್ಕೆ ಪತ್ರಿಕೆಯನ್ನು ಬೇಲಿಯಾಚೆ ನೈರಿಗೂ ತೋರಿಸಲು ಹೋದ. ನಾನು ಆಗ ಚನ್ನವೀರನ ಹಿತ್ತಲಲ್ಲೇ ಚಹಾ ಕುಡಿಯುತ್ತಿದ್ದೆ, ಕಣ್ಣಾರೆ ಕಂಡದ್ದನ್ನು ಹೇಳುತ್ತಿದ್ದೇನೆ. ನೈರಿ ಕೈಯಲ್ಲಿ ಈರುಳ್ಳಿ ಚೀಲ ಹಿಡಿದು ಅಲ್ಲೇ ನಿಂತಿದ್ದಳು. “ಚನ್ನಾ, ನಿನಗೆ ಒಂದು ವಿಷಯ ಹೇಳಬೇಕಿತ್ತು,” ಎಂದಳು. ಎಂದೂ ಇಲ್ಲದ ಮೆಲುದನಿ.

“ಮೊದಲ ಇದನ್ನ ನೋಡ್ರಿ!” ಎಂದು ಇವನು ಪತ್ರಿಕೆ ಹರಡಿದ.

ನೈರಿ ನೋಡಿದಳು. ಬಹಳ ಹೊತ್ತು ನೋಡಿದಳು. “ಶಾಲು ಅವಳಿಗೆ ಚೆನ್ನಾಗಿ ಒಪ್ಪುತ್ತದೆ,” ಎಂದಳು.

“ಮತ್ತ ನೀವು ಏನೋ ಹೇಳಾಕ ಬಂದಿದ್ರಿ?”

“ಈರುಳ್ಳಿ ತಂದಿದ್ದೆ,” ಎಂದು ಚೀಲವನ್ನು ಬೇಲಿಯ ಮೇಲಿಟ್ಟು ಒಳಗೆ ಹೋದಳು.

ಆ ಈರುಳ್ಳಿಯಿಂದಲೇ ಮಾಡಿದ ಭಜಿಯನ್ನು ಮುಂದಿನ ಭಾನುವಾರ ತಿಂದವನು ಎರಡನೆಯ ಆಕಾಂಕ್ಷಿ ಬ್ರೆಂಟ್. ಮನೆ ಮಾರಿಸುವ ದಲ್ಲಾಳಿ. ಪತ್ರಿಕೆ ನೋಡಿ ಗಾಬರಿಯಾಗಿ ಫೋನ್ ಮಾಡಿದ್ದ: “ನಾನೂ ಬರಬಹುದೇ?” ಚನ್ನವೀರನಿಗೆ ಬೇಡ ಎನ್ನಲು ಬರಬೇಕಲ್ಲ. ಬ್ರೆಂಟ್ ತನ್ನದೇ ಮುಖ ಅಂಟಿಸಿದ, ಹಿಂದೆ ಸಾಮಾನು ಹೇರುವ ಯೂಟ್ ಗಾಡಿಯಲ್ಲಿ ಬಂದಿಳಿದ. ಒಳಗೆ ಬಂದವನೇ ಗೋಡೆ ತಟ್ಟಿ ನೋಡಿದ, ಕಿಟಕಿ ತೆಗೆದು ಹಾಕಿದ, ಅಡುಗೆಮನೆಗೆ ಬಿಸಿಲು ಚೆನ್ನಾಗಿ ಬರುತ್ತದೆ ಎಂದು ದ್ರಾಕ್ಷಾಯಣಿಗೆ ಅಭಿನಂದನೆ ಹೇಳಿದ. ಆಮೇಲೆ ಭಜಿಯ ಜೊತೆಗಿಟ್ಟಿದ್ದ ಕರಿದ ಮೆಣಸಿನಕಾಯಿಯನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡ. ಮುಖ ಕೆಂಪಾಯಿತು, ಕಿವಿ ಕೆಂಪಾಯಿತು. ಆದರೂ, “ಬಹಳ ರುಚಿ,” ಎಂದು ಇನ್ನೊಂದು ತೆಗೆದುಕೊಂಡ.

ಚನ್ನವೀರನಿಗೆ ಇದು ಬಹಳ ಹಿಡಿಸಿತು. “ಫಿಲಿಪಾಬಾಯಿ ಬುದ್ಧಿವಂತಿ, ಆದರ ಮಾತಾಡೂ ಮುಂದ ಫೋನ್ ನೋಡತಾಳ. ಈ ಮನಿಷ್ಯಾ ಸುಳ್ಳ ಹೇಳತಾನ, ಆದರ ಕಣ್ಣಾಗ ನೀರ ಬಂದರೂ ಹೇಳತಾನ. ಅದಕ್ಕೂ ಧೈರ್ಯ ಬೇಕಲ್ರೀ ಬದರಿ ಸರ,” ಎಂದು ನನ್ನ ಕಿವಿಯಲ್ಲಿ ಅಭಿಪ್ರಾಯ ಮಂಡಿಸಿದ. ಒಳಗೆ ಹೋಗಿ ಪೆಟ್ಟಿಗೆಯಿಂದ ಮನೆಯಲ್ಲಿದ್ದ ಕೊನೆಯ ಶಾಲು ತಂದ. ಸೋಫಾದ ಮೇಲೇ ಸನ್ಮಾನ. ಮತ್ತೆ ಬಡವರ ಬಂಧು, ಮತ್ತೆ ಕಣ್ಮಣಿ, ಮತ್ತೆ ಭಾವಿ ಪ್ರಧಾನಮಂತ್ರಿ, ಮತ್ತೆ ಸಮಸ್ತ ಕನ್ನಡಿಗರು.

ಮಗಳು ಐಶ್ವರ್ಯಾ ಬಾಗಿಲಲ್ಲಿ ನಿಂತು ಎಲ್ಲ ನೋಡಿದಳು. ಇಲ್ಲಿಯೇ ಹುಟ್ಟಿ ಬೆಳೆದ ಹುಡುಗಿ. “ಅಪ್ಪಾ, ಯು ಕಾಂಟ್ ಪ್ರಾಮಿಸ್ ಎವ್ರಿಬಡಿ!”

“ಪ್ರಾಮಿಸ್ ಎಲ್ಲಿ ಮಾಡೀನಿ? ಮರ್ಯಾದಿ ಮಾಡೀನಿ.”

“ದೇ ಡೋಂಟ್ ನೋ ದಟ್!” ಎಂದು ಅವಳು ಬಾಗಿಲು ಹಾಕಿಕೊಂಡಳು. ಆ ಮನೆಯಲ್ಲಿ ವೆಂಕಟರಮಣರ ಮಾತನ್ನು ಒಪ್ಪಿದವಳು ಅವಳೊಬ್ಬಳೇ.

ಮೂರನೆಯ ಆಕಾಂಕ್ಷಿ ಯಾರು ಎಂದು ತಿಳಿದದ್ದು ಮಾರನೆಯ ಸಂಜೆ. ದ್ರಾಕ್ಷಾಯಣಿ ನೈರಿಯ ಮನೆಗೆ ಭಜಿ ಕೊಡಲು ಹೋದವಳು ಭಜಿಯ ಡಬ್ಬಿಯನ್ನು ಹಾಗೆಯೇ ಹಿಡಿದುಕೊಂಡು ವಾಪಸು ಬಂದಳು.

“ಏನ್ರೀ, ನಿಮಗ ಬುದ್ಧಿ ಐತೇನು? ಅಕ್ಕ ಇಲೆಕ್ಷನ್‌ಗೆ ನಿಂತಾಳ!”

ಚನ್ನವೀರ ಕುಳಿತಲ್ಲೇ ಕುಳಿತ. “ಯಾವ ಅಕ್ಕ?”

“ನಮಗ ಎಷ್ಟ ಮಂದಿ ಅಕ್ಕಂದಿರು ಅದಾರ ಇಲ್ಲೆ? ಪೇಟ್ಯಾಗ ರಾತ್ರಿ ದವಾಖಾನಿ ಮುಚ್ಚಿದ್ರಲ್ಲ, ಆಕಿ ಜೊತಿ ಕೆಲಸ ಮಾಡೋ ಹೆಣ್ಣಮಗಳು ಜ್ವರದ ಕೂಸು ಎತ್ತಿಕೊಂಡು ಎಲ್ಲೆಲ್ಲೋ ಅಲದಾಳಂತ. ಅವತ್ತ ನಿಲ್ಲಬೇಕು ಅಂತ ಮನಸ ಮಾಡ್ಯಾಳ. ಮೊದಲ ನಿಮಗ ಹೇಳಬೇಕು ಅಂತ ಬೇಲಿ ಹತ್ರ ಬಂದಾಳ. ನೀವು ಏನ ಮಾಡಿದ್ರಿ? ಪೇಪರ್ ತೋರಿಸಿದ್ರಿ!”

“ಬೈದಳೇನು?”

“ಬೈದಿದ್ದರ ಪಾಡ ಇತ್ತು. ‘ಚನ್ನ ತನ್ನ ಮನಸಿಗೆ ಬಂದವರಿಗೆ ವೋಟ್ ಹಾಕಲಿ, ನಾನು ಕೇಳೂದಿಲ್ಲ’ ಅಂದಳು. ಕಣ್ಣು ಕೆಂಪಗಿದ್ದವು.”

ನೈರಿ ಬೈಯಲಿಲ್ಲ ಎಂದರೆ ಎಷ್ಟು ನೊಂದಿರಬೇಕು ಎಂದು ಆ ಮನೆಯವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಚನ್ನವೀರ ಅಂದು ಊಟ ಮಾಡಲಿಲ್ಲ. ಅವನ ಒಂದು ಮತಕ್ಕೆ ಇಬ್ಬರು ಹಕ್ಕುದಾರರು ಈಗಾಗಲೇ ತಯಾರಾಗಿದ್ದರು. ಯಾರಿಗೆ ನಿಜವಾಗಿ ಸಲ್ಲಬೇಕೋ ಅವಳು ಕೇಳುವುದಿಲ್ಲ ಎನ್ನುತ್ತಿದ್ದಳು.

ಇದಕ್ಕೆ ಅವನು ಕಂಡುಕೊಂಡ ಪರಿಹಾರ ಏನು? ಇನ್ನೊಂದು ಶಾಲು. ಮೂವರಿಗೂ ಹೊದಿಸಿಬಿಟ್ಟರೆ ತಕ್ಕಡಿ ಸಮವಾಗುತ್ತದೆ ಎಂಬ ತರ್ಕ. ಮನೆಯಲ್ಲಿ ಶಾಲು ಮುಗಿದಿತ್ತು. ವೆಂಕಟರಮಣರನ್ನು ಕೇಳಿದರೆ, “ಸ್ಟಾಕ್ ಇರೋದು ರಾಜ್ಯೋತ್ಸವಕ್ಕೆ! ನೀವು ಶಾಲು ಮುಟ್ಟೋದನ್ನೇ ಕಮಿಟಿ ಬ್ಯಾನ್ ಮಾಡಿದೆ!” ಎಂದರು. ಕೊನೆಗೆ ಮಾಲ್‌ಗೆ ಹೋಗಿ, ಕುರಿಗಳ ಚಿತ್ರವಿದ್ದ ಉಣ್ಣೆಯ ಹೊದಿಕೆಯೊಂದನ್ನು ತಂದ. ಅದನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನೈರಿಯ ಬಾಗಿಲು ತಟ್ಟಿದ. ಅವಳು ಬಾಗಿಲು ತೆಗೆದು, “ಏನು ಚನ್ನಾ?” ಎಂದಳು. ಅವಳ ಮುಖ ನೋಡಿದ್ದೇ ಬಡವರ ಬಂಧುವೂ ಬರಲಿಲ್ಲ, ಕಣ್ಮಣಿಯೂ ಬರಲಿಲ್ಲ.

“ಏಣಿ ಐತೇನ್ರೀ?” ಎಂದ.

ಅವಳು ಒಳಗಿನಿಂದ ಏಣಿ ತಂದು ಕೊಟ್ಟಳು. ಇವನು ಒಂದು ಕಂಕುಳಲ್ಲಿ ಕುರಿಗಳನ್ನೂ ಹೆಗಲ ಮೇಲೆ ಏಣಿಯನ್ನೂ ಹೊತ್ತು ಮನೆಗೆ ಬಂದ. ಏಣಿ ಯಾಕೆ ಎಂದು ದ್ರಾಕ್ಷಾಯಣಿ ಕೇಳಿದಾಗ, “ಬಲ್ಬ್ ಒರಸಾಕ,” ಎಂದ. ಸುಳ್ಳಾಗಬಾರದೆಂದು ಏಣಿ ಹತ್ತಿ ಚೊಕ್ಕಟವಾಗಿದ್ದ ಬಲ್ಬ್ ಒಂದನ್ನು ಒರೆಸಿದ.

ಆಯ್ಕೆಯ ದಿನ ಶನಿವಾರ. ಸ್ಕೌಟ್ ಮಕ್ಕಳ ಹಳೆಯ ಹಾಲ್. ಹಿಂದುಗಡೆ ಚಹಾದ ಹಂಡೆ, ಬಿಸ್ಕತ್ತು. ಅಧ್ಯಕ್ಷತೆ ಡೆಸ್ ಎಂಬ ಮುದುಕರದು. ರೈಲ್ವೆಯಲ್ಲಿ ನಿವೃತ್ತರಾದವರು, ಕೈಯಲ್ಲಿ ಒಂದು ಗಂಟೆ. ಸದಸ್ಯರು ಮುಂದೆ, ನನ್ನಂಥ ನೋಡಲು ಬಂದವರು ಹಿಂದೆ. ದ್ರಾಕ್ಷಾಯಣಿ, ಐಶ್ವರ್ಯಾ ನನ್ನ ಪಕ್ಕ ಕುಳಿತಿದ್ದರು. ಬೈಲಾ ಕಾಪಾಡಲು ವೆಂಕಟರಮಣರೂ ಬಂದಿದ್ದರು.

ಫಿಲಿಪಾ ಒಳಗೆ ಬಂದಳು, ಹೆಗಲ ಮೇಲೆ ಶಾಲು. ಹಿಂದೆಯೇ ಬ್ರೆಂಟ್ ಬಂದ. ಅವನ ಹೆಗಲ ಮೇಲೂ ಶಾಲು. ಅದೇ ಬಣ್ಣ, ಅದೇ ಜರಿಯ ಅಂಚು. ಒಬ್ಬರನ್ನೊಬ್ಬರು ನೋಡಿ ನಿಂತುಬಿಟ್ಟರು. ನೈರಿ ಕಾರ್ಖಾನೆಗೆ ಹಾಕುವ ನೀಲಿ ಜಾಕೀಟಿನಲ್ಲಿ ಬಂದು ಮೂರನೆಯ ಕುರ್ಚಿಯಲ್ಲಿ ಕುಳಿತಳು.

ಬ್ರೆಂಟ್ ಮೊದಲು ಮಾತಾಡಿದ. “ಕನ್ನಡ ಸಮುದಾಯ ಪೂರ್ತಿ ನನ್ನ ಬೆನ್ನಿಗಿದೆ. ನನ್ನ ಮಿತ್ರ ಚನ್ನ ಅವರ ಮನೆಯಲ್ಲೇ ಘೋಷಿಸಿದ್ದಾರೆ.”

“ಕ್ಷಮಿಸಿ,” ಎಂದು ಫಿಲಿಪಾ ಎದ್ದಳು, “ಅದು ನನ್ನ ಬೆನ್ನಿಗಿದೆ. ಪತ್ರಿಕೆಯಲ್ಲಿ ಬಂದಿದೆ.”

“ನನ್ನನ್ನು ಭಾವಿ ಪ್ರಧಾನಿ ಎಂದಿದ್ದಾರೆ!”

“ನನ್ನನ್ನೂ!”

ಡೆಸ್ ಗಂಟೆ ಬಾರಿಸಿದರು. “ಯಾರು ಈ ಚನ್ನ? ದಯವಿಟ್ಟು ಎದ್ದು ನಿಲ್ಲಿ.”

ಚನ್ನವೀರ ಎದ್ದ. ವೆಂಕಟರಮಣರು ಮುಖ ಮುಚ್ಚಿಕೊಂಡರು.

“ತಪ್ಪಾಗೈತ್ರೀ,” ಎಂದು ಶುರುಮಾಡಿದ. “ನಮ್ಮ ಕಡೆ ಬಂದವರಿಗೆ ಶಾಲು ಹಾಕತೀವಿ. ಅದು ಮಾನ, ವೋಟಲ್ಲ. ಭಾವಿ ಪ್ರಧಾನಿ ಅಂದದ್ದು ಹಾರೈಕಿ. ನಾ ಪಿಯುಸಿ ಪಾಸಾದಾಗ ನಮ್ಮೂರಾಗ ನನಗೂ ಶಾಲು ಹಾಕಿ ಭಾವಿ ವಿಜ್ಞಾನಿ ಅಂದಿದ್ರು. ನಾ ಈಗ ಕೊಳವಿ ಎಲ್ಲಿ ಸೋರತೈತಿ ಅಂತ ನೋಡಾಕತ್ತೀನಿ. ಯಾರೂ ನಮ್ಮೂರಿನವರ ಮ್ಯಾಲ ಕೇಸ್ ಹಾಕಿಲ್ಲ. ಸಮಸ್ತ ಕನ್ನಡಿಗರು ಅಂದೆ. ಈ ಪಕ್ಷದಾಗ ಸಮಸ್ತ ಕನ್ನಡಿಗರು ಅಂದರ ನಾ ಒಬ್ಬನ.”

ಹಾಲ್‌ನಲ್ಲಿ ನಗು. ವೆಂಕಟರಮಣರು ಬೆರಳ ಸಂದಿಯಿಂದ ನೋಡಿದರು. ಡೆಸ್ ನಗಲಿಲ್ಲ. “ಬಂದವರಿಗೆಲ್ಲ ಹಾಕುತ್ತೀರಿ ಎಂದರೆ, ನೈರಿಗೆ ಯಾಕೆ ಇಲ್ಲ?” ಎಂದು ಕೇಳಿದರು.

ನೈರಿ ತಲೆ ತಗ್ಗಿಸಿಕೊಂಡು ತನ್ನ ಬೂಟು ನೋಡುತ್ತಿದ್ದಳು. ಚನ್ನವೀರ ಕೊಟ್ಟ ಉತ್ತರ ಅವನು ಮನೆಯಿಂದ ತಂದದ್ದಲ್ಲ. ಅಲ್ಲಿ ನಿಂತಾಗ ಅವನಿಗೇ ಹೊಳೆದದ್ದು ಎಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ.

“ಆಕಿಗೆ ಹ್ಯಾಂಗ ಹಾಕಲಿ? ಆಕಿ ನಮ್ಮ ಫ್ರಿಜ್ ತೆಗೆದು ಹಾಲು ಮುಗದೈತಿ ಅಂತ ನಮಗ ಬೈತಾಳ. ನನ್ನ ಹೆಂಡತಿಗೆ ನ್ಯುಮೋನಿಯಾ ಆದಾಗ ಕೆಲಸ ಮುಗಿಸಿ ಬಂದು ನಮ್ಮ ಕೂಸಿಗೆ ಉಣಿಸಿ ಮಲಗಿಸ್ಯಾಳ. ನನಗ ಕಾರು ಕಲಿಸೂ ಮುಂದ ವೃತ್ತದಾಗ ಸುತ್ತಿ ಸುತ್ತಿ ನಾ ಅತ್ತಾಗ, ‘ಅಳು, ಆದರ ಬ್ರೇಕ್ ಹಾಕಬ್ಯಾಡ’ ಅಂದಾಳ. ಶಾಲು ಹಾಕೂದು ಹೊರಗಿನವರಿಗ್ರೀ. ಮನಿಯವರಿಗೆ ಯಾರು ಹಾಕತಾರ? ಹಾಕಿದರ ಆಕಿನ್ನ ಹೊರಗ ಕಳಿಸಿದಂಗ ಆಕ್ಕೈತಿ. ಅಕ್ಕಾ, ನಿಮಗ ಬ್ಯಾಸರಾಗೈತಿ, ನನಗ ಗೊತ್ತು. ನನ್ನ ವೋಟು ನಿಮಗ. ನೀವು ಕೇಳದಿದ್ದರೂ ನಿಮಗ.”

ಮತದಾನ ಗುಪ್ತ ಎಂದು ಡೆಸ್ ಗಂಟೆ ಬಾರಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು. ನನ್ನ ಪಕ್ಕದಲ್ಲಿ ದ್ರಾಕ್ಷಾಯಣಿ ಸೆರಗಿನಿಂದ ಕಣ್ಣೊರೆಸಿಕೊಂಡು, “ಮನಿಯವರಿಗೂ ಒಮ್ಮೆ ಹಾಕಿದರ ಏನೂ ಹಾಳಾಗೂದಿಲ್ಲ,” ಎಂದು ತನ್ನದೊಂದು ಅರ್ಜಿಯನ್ನೂ ಗಾಳಿಗೆ ಬಿಟ್ಟಳು.

ಕೊನೆಯ ಸರದಿ ನೈರಿಯದು. ಬರೆದು ತಂದ ಹಾಳೆಯನ್ನು ಜೇಬಿಗಿಟ್ಟಳು. “ನಾನು ಒಂದು ತಿಂಗಳಿಂದ ಒಂದು ಶಾಲಿಗಾಗಿ ಮುನಿಸಿಕೊಂಡು ಕೂತಿದ್ದೆ,” ಎಂದಳು. “ಐವತ್ತೇಳು ವರ್ಷದ ಹೆಂಗಸು ನಾನು. ನಾಚಿಕೆಯಾಗುತ್ತಿದೆ. ಈಗ ಕೆಲಸದ ಮಾತು.” ಅಷ್ಟು ಹೇಳಿ ಅವಳು ತನ್ನ ನಿಜವಾದ ಗಂಟಲು ತೆಗೆದಳು. ಹಂಡೆಯ ಪಕ್ಕ ಜೋಡಿಸಿದ್ದ ಕಪ್ಪುಗಳು ಕಿಣಿಗುಟ್ಟಿದವು. ಜ್ವರದ ಕೂಸನ್ನು ಎತ್ತಿಕೊಂಡು ಅಲೆದ ತಾಯಿ, ಮುಚ್ಚಿದ ದವಾಖಾನೆಯ ಬಾಗಿಲು, ಬೆಳಗಿನ ಪಾಳಿಗೆ ಕತ್ತಲಲ್ಲಿ ನಡೆದು ಬರುವ ಹುಡುಗಿಯರು, ಎಲ್ಲ ಬಂತು. ಕೊನೆಗೆ, “ಸಂಸತ್ತಿನಲ್ಲೂ ನಾನು ಹೀಗೇ ಕೂಗುತ್ತೇನೆ. ನಿಮಗೆ ಇಲ್ಲಿಗೇ ಕೇಳಿಸುತ್ತದೆ,” ಎಂದು ಕುಳಿತಳು.

ಗೆದ್ದಳು. ದೊಡ್ಡ ಅಂತರವೇನಲ್ಲ, ಆದರೆ ಗೆದ್ದಳು. ಡೆಸ್ ಹೆಸರು ಓದಿದಾಗ ಐಶ್ವರ್ಯಾ ಕುರ್ಚಿಯ ಮೇಲೆ ಹತ್ತಿ ಶಿಳ್ಳೆ ಹಾಕಿದಳು. ರಾಜಕೀಯಕ್ಕೆ ಕೈ ಹಾಕದ ವೆಂಕಟರಮಣರು ಎರಡೂ ಕೈಯಿಂದ ಚಪ್ಪಾಳೆ ತಟ್ಟಿದರು.

ಬ್ರೆಂಟ್ ಬಂದು, ಶಾಲನ್ನು ತನ್ನ ತಾಯಿಗೆ ಕೊಡಬಹುದೇ, ಅವಳಿಗೆ ಚಳಿ ಹೆಚ್ಚು ಎಂದು ಕೇಳಿದ. ಚನ್ನವೀರನ ಮನಸ್ಸಿನಲ್ಲಿ ಅವನ ದರ್ಜೆ ಅಲ್ಲೇ ಏರಿತು. ಫಿಲಿಪಾ ಮಾತ್ರ ಶಾಲನ್ನು ಮಡಿಚಿ ಮುಂದೆ ಚಾಚಿದಳು. “ಕೊಟ್ಟ ಶಾಲು ವಾಪಸ್ ತಗೊಳ್ಳಂಗಿಲ್ರೀ,” ಎಂದು ಚನ್ನವೀರ ಕೈ ಹಿಂದೆ ಕಟ್ಟಿಕೊಂಡ.

“ಹಾಗಾದರೆ ಪ್ರಧಾನಿ ಆಗುವ ಮಾತೂ ವಾಪಸಿಲ್ಲವೇ?” ಎಂದು ಅವಳು ನಗುವೋ ಅಳುವೋ ತಿಳಿಯದ ಮುಖದಲ್ಲಿ ಕೇಳಿದಳು.

“ಇಲ್ರೀ. ವರ್ಷ ಯಾವುದು ಅಂತ ನಾ ಹೇಳಿಲ್ಲಲ್ಲ.”

ಅವಳು ನಕ್ಕೇಬಿಟ್ಟಳು. ಅಂದು ಮೊದಲ ಸಲ ಅವಳ ಫೋನ್ ಚೀಲದ ಒಳಗಿತ್ತು.

ಜುಲೈ ತಿಂಗಳು, ಇಲ್ಲಿ ನಡುಚಳಿಗಾಲ, ಮಳೆ, ಮೂಳೆ ಕೊರೆಯುವ ಗಾಳಿ. ನೈರಿ ಮನೆಮನೆ ಪ್ರಚಾರಕ್ಕೆ ಹೊರಟಳು. ಈ ಕ್ಷೇತ್ರ ಸುಲಭಕ್ಕೆ ಬಗ್ಗುವಂಥದ್ದಲ್ಲ ಎಂದು ಬಲ್ಲವರೆಲ್ಲ ಹೇಳುತ್ತಿದ್ದರು. ಚನ್ನವೀರನನ್ನು ಅವಳು ಬರುತ್ತೀಯಾ ಎಂದು ಕೇಳಲಿಲ್ಲ, “ಬೂಟು ಹಾಕು,” ಎಂದಳು. ನಾನೂ ಕೊಡೆ ಹಿಡಿಯಲು ಹೋದೆ. ಮೊದಲ ಮನೆಯ ಬಾಗಿಲು ತೆಗೆದದ್ದು ಗಡ್ಡ ಬಿಟ್ಟ ಒಬ್ಬ ಗಟ್ಟಿ ಆಳು. ನೈರಿ ಇನ್ನೂ ಗೇಟಿನ ಹತ್ತಿರ ಒಂದು ನಾಯಿಯ ಜೊತೆ ಮಾತಾಡುತ್ತಿದ್ದಳು. ಅವನು ಕರಪತ್ರದ ಮೇಲಿನ ಮುಖ ನೋಡಿದ, ಚನ್ನವೀರನ ಮುಖ ನೋಡಿದ.

“ನಾನು ಯಾವತ್ತೂ ನಿಮ್ಮ ಪಕ್ಷಕ್ಕೆ ಮತ ಹಾಕಿದವನಲ್ಲ. ಏನಿದೆ ಈ ಹೆಂಗಸಲ್ಲಿ?”

ಬಡವರ ಬಂಧು ಬಂದೇಬಿಟ್ಟ ಎಂದುಕೊಂಡೆ ನಾನು. ಚನ್ನವೀರ ಎದೆ ಉಬ್ಬಿಸಿದ, ಗಂಟಲು ಸರಿಮಾಡಿಕೊಂಡ. ಆಮೇಲೆ ಆ ಉಸಿರನ್ನು ಹಾಗೆಯೇ ಹೊರಗೆ ಬಿಟ್ಟ.

“ಸಿಟ್ಟು ಭಾಳ್ರೀ ಆಕಿಗೆ,” ಎಂದ. “ಆದರ ಕರದರ ಬರತಾಳ.”

ಆ ಮನುಷ್ಯ ಗೇಟಿನ ಕಡೆ ನೋಡಿದ. ಆಮೇಲೆ ಬಾಗಿಲನ್ನು ಪೂರ್ತಿ ತೆರೆದು, “ಮಳೆಯಲ್ಲಿ ಯಾಕೆ ನಿಂತಿದ್ದಾಳೆ? ಒಳಗೆ ಕರೆಯಿರಿ,” ಎಂದ.